ಯಾವ ಮೈಕ್ ಕೊಳ್ಳಲಿ ಎಂದು ಕೇಳುವವರಿಗೆ

ನಮ್ಮ ಬ್ಯಾಂಡಿನ ಹಾಡುಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡುತ್ತೇವೆ ಎಂದು ತಿಳಿದ ಕೂಡಲೇ ಹೆಚ್ಚಿನವರು ಕೇಳುವುದು, ‘ಯಾವ ಮೈಕ್ ಕೊಳ್ಳಬೇಕು?’ ಎಂದು. ಮೈಕಿಗೆಂದು ಎತ್ತಿಟ್ಟ ಹಣದಲ್ಲಿ ಅರ್ಧದಷ್ಟನ್ನಾದರೂ ಮೊದಲು ಕೋಣೆಗೆ ಖರ್ಚು ಮಾಡಿ ಎಂಬುದೇ ನನ್ನ ಉತ್ತರ.

ನಮ್ಮ ಬಾಡಿಗೆ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಹತ್ತಡಿ ಉದ್ದಗಲದ, ಟೈಲ್ಸ್ ನೆಲದ, ಕಾಂಕ್ರೀಟ್ ಸೂರಿನ ಕೋಣೆ. ಅಲ್ಲಿ ಹಾಡುವವರ ದನಿ ಮೈಕನ್ನು ಮುಟ್ಟಿದ ಬೆನ್ನಲ್ಲೇ, ಗೋಡೆಗಳಿಗೆ ಬಡಿದು ಮರಳಿದ ದನಿಯೂ ಕೆಲವೇ ಮಿಲಿಸೆಕೆಂಡುಗಳಲ್ಲಿ ಬಂದು ಸೇರುವುದರಿಂದ, ಹಾಡು ಡಬ್ಬದೊಳಗಿಂದ ಬಂದಂತೆ ಕೇಳಿಸುತ್ತದೆ. ದುಬಾರಿ ಕಂಡೆನ್ಸರ್ ಮೈಕ್ ತನ್ನ ಸೂಕ್ಷ್ಮತೆಯಿಂದಾಗಿ ಈ ದೋಷವನ್ನೂ ಅಷ್ಟೇ ನಿಚ್ಚಳವಾಗಿ ಹಿಡಿದುಕೊಡುತ್ತದೆ. ಇಂಥ ಕೋಣೆಗೆ, 1966ರಿಂದ ವೇದಿಕೆಗಳಲ್ಲಿ ದುಡಿಯುತ್ತಿರುವ ಶೂರ್ ಎಸ್‌ಎಂ58ರಂಥ ಅಷ್ಟೇನೂ ಸೂಕ್ಷ್ಮವಲ್ಲದ ಡೈನಾಮಿಕ್ ಮೈಕನ್ನು ಬಾಯಿಂದ ನಾಲ್ಕು ಬೆರಳಷ್ಟು ದೂರದಲ್ಲಿಟ್ಟು ಹಾಡುವುದೇ ಲೇಸು. ಹಾಡುವವರ ಬೆನ್ನ ಹಿಂದೆ ದಪ್ಪ ಕೌದಿಗಳನ್ನೋ ಹತ್ತಿಯ ಹಾಸಿಗೆಯನ್ನೋ ನಿಲ್ಲಿಸಿದರೆ ಅರ್ಧ ಕೆಲಸ ಮುಗಿಯಿತು. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸುವವರನ್ನು ಈಗಲೂ ಕಾಣುತ್ತೇನೆ. ಆ ತೆಳು ರಟ್ಟು ಬೀದಿಯ ಸದ್ದನ್ನು ತಡೆಯುವುದಿಲ್ಲ, ಕೋಣೆಯ ಮಂದ್ರವನ್ನೂ ಹೀರುವುದಿಲ್ಲ.

ಆ ಮಂದ್ರವೇ ನಿಜವಾದ ಕಷ್ಟ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಎದುರುಬದುರು ಗೋಡೆಗಳ ನಡುವೆ ಹತ್ತಡಿ ಅಂತರವಿದ್ದರೆ, ಅವುಗಳ ನಡುವೆ ಸುಮಾರು 56 ಹರ್ಟ್ಸ್‌ನ ಅಲೆಯೊಂದು ನಿಂತುಬಿಡುತ್ತದೆ. ಬೇಸ್ ಗಿಟಾರಿನ ‘ಎ’ ತಂತಿಯನ್ನು ಒತ್ತದೆ ಮೀಟಿದರೆ ಹೊಮ್ಮುವುದು 55 ಹರ್ಟ್ಸ್. ಎಂದರೆ, ಬೇಸಿಸ್ಟ್ ಅತಿ ಹೆಚ್ಚು ನುಡಿಸುವ ಸ್ವರಗಳಲ್ಲೊಂದು ಗೋಡೆಯ ಬಳಿ ಗುಡುಗುತ್ತದೆ, ಕೋಣೆಯ ನಟ್ಟನಡುವೆ ಬಹುತೇಕ ಮಾಯವಾಗುತ್ತದೆ. ಅಲ್ಲೇ ಕುಳಿತು ಮಿಕ್ಸ್ ಮಾಡುವವರು, ಎಂದರೆ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವವರು, ಬೇಸ್ ಸಾಲದೆಂದು ಏರಿಸುತ್ತಾರೆ; ಅದೇ ಹಾಡನ್ನು ಕಾರಿನಲ್ಲಿ ಹಾಕಿದಾಗ ಬಾಗಿಲುಗಳು ಅದುರುತ್ತವೆ. ಬೇಸನ್ನು ಮೈಕ್ ಇಲ್ಲದೆ ನೇರವಾಗಿ, ಸದ್ದನ್ನು ಕಂಪ್ಯೂಟರಿಗೆ ದಾಟಿಸುವ ಪೆಟ್ಟಿಗೆಯಾದ ಆಡಿಯೊ ಇಂಟರ್‌ಫೇಸಿಗೆ ಜೋಡಿಸಿ ರೆಕಾರ್ಡ್ ಮಾಡಿದರೂ ಕೇಳುವ ಹೊತ್ತಿನ ಈ ತೊಡಕು ತಪ್ಪುವುದಿಲ್ಲ. ಆದ್ದರಿಂದ ಮೂಲೆಗಳಲ್ಲಿ, ಸದ್ದು ಹೀರುವ ಕಲ್ಲುನಾರಾದ ರಾಕ್‌ವೂಲ್ ತುಂಬಿದ ದಪ್ಪ ಪ್ಯಾನೆಲ್‌ಗಳನ್ನು ನಿಲ್ಲಿಸಿ; ಕೂರುವ ಜಾಗವನ್ನು ನಡುವಿನಿಂದ ಸರಿಸಿ, ಮುಂದಿನ ಗೋಡೆಯಿಂದ ಸುಮಾರು ನಾಲ್ಕಡಿ ದೂರಕ್ಕೆ ತನ್ನಿ; ಬೇಸಿನ ಪ್ರಮಾಣವನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಇನ್ನೊಮ್ಮೆ ಪರೀಕ್ಷಿಸಿ.

ಉಳಿದ ತಾಂತ್ರಿಕ ವಿಷಯಗಳು ಇಷ್ಟು ಗೋಳು ಹೊಯ್ದುಕೊಳ್ಳುವುದಿಲ್ಲ. ಮೆಲುದನಿಯನ್ನೂ ಸ್ಪಷ್ಟವಾಗಿ ದಾಖಲಿಸುವ 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಮೀಟರ್ ಕೆಂಪು ಮುಟ್ಟುವವರೆಗೆ ಏರಿಸುವ ಅಗತ್ಯವೇ ಇಲ್ಲ; ಅತಿ ಜೋರಿನ ಸಾಲು ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿದ್ದರೆ ಸಾಕು. ಹಾಡುವವರಿಗೆ ತಮ್ಮ ದನಿ ತಡವಾಗಿ ಕೇಳಿಸಿದರೆ ಬಫರನ್ನು (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕನ್ನು) 128 ಸ್ಯಾಂಪಲ್‌ಗೆ ಇಳಿಸಿ, ಮಿಕ್ಸ್ ಮಾಡುವಾಗ ಮತ್ತೆ ಏರಿಸಿಕೊಳ್ಳಿ.

ಡ್ರಮ್ಸ್ ಮಾತ್ರ ಮನೆಗೆ ಒಗ್ಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ತಗ್ಗಿನ ಸೂರು ಸಿಂಬಲ್‌ಗಳ ಸದ್ದನ್ನು ಒರಟಾಗಿಸುತ್ತದೆ. ಪಕ್ಕದ ಮನೆಯವರ ನೆಮ್ಮದಿಯ ಪ್ರಶ್ನೆಯೂ ಇದೆ. ಲಯ ತಪ್ಪದಂತೆ ಕಿವಿಯಲ್ಲಿ ಟಿಕ್ ಟಿಕ್ ಎನ್ನುವ ಕ್ಲಿಕ್ ಟ್ರ್ಯಾಕ್‌ಗೆ ಹಾಡಿದ ಕಚ್ಚಾ ಆವೃತ್ತಿಯನ್ನು ಮನೆಯಲ್ಲೇ ಸಿದ್ಧಮಾಡಿಕೊಂಡು, ಸ್ಟುಡಿಯೊವನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿದು, ಎಲ್ಲ ಹಾಡುಗಳ ಡ್ರಮ್ಸನ್ನೂ ಒಟ್ಟಿಗೇ ಮುಗಿಸಿ ಬನ್ನಿ. ಗಿಟಾರು, ಬೇಸು, ದನಿಗಳನ್ನು ಅದರ ಮೇಲೆ ಮನೆಯಲ್ಲಿ ನಿಧಾನವಾಗಿ ಕೂರಿಸಬಹುದು.