ಹಳೇ ಕಾರಿಗೆ ಗುಜರಿ ಭಾಗ್ಯ

ನನ್ನ ಹತ್ರ ಇರೋದು ಬೇಸ್ ಮಾಡೆಲ್ ಕಾರು, ಅದೂ ಹಳೇದು, ಮೂರು ಸಿಲಿಂಡರ್ರು, ಕಾರ್ಬುರೇಟರ್ರು, 12 ಇಂಚಿನ ಚಕ್ರ, ಒಂದು ಕಡೆ ಹೊರಗನ್ನಡಿನೇ ಇಲ್ಲ. ಇದನ್ನ ರೆಡಿ ಮಾಡಿಸ್ತೀನಿ ಅಂದಾಗ ಸಿಕ್ಕೋರೆಲ್ಲ ಕೇಳಿದ್ದು ಅಲಾಯ್ ಚಕ್ರ ಯಾವ್ದು ಹಾಕ್ತೀಯ, ಸ್ಪೀಕರ್ ಯಾವ್ದು, ಸ್ಟಿಕ್ಕರ್ ಯಾವ್ದು ಅಂತ. ನನ್ನ ಲೆಕ್ಕ ಬೇರೆ ಇತ್ತು. ಇದೇ ಕಾರಿನ ಟಾಪ್ ಎಂಡ್ ಮಾಡೆಲ್ ಒಂದು ಆಮೇಲಿನ ವರ್ಷಗಳಲ್ಲಿ ಬಂದಿತ್ತಲ್ಲ, ಅದ್ರಲ್ಲಿ ಮುಂದಿನ ಬ್ರೇಕು ದೊಡ್ಡದು, ಚಕ್ರ 13 ಇಂಚು, ಸೀಟು ಚೆನ್ನಾಗಿದೆ, ಹೆಡ್‌ಲೈಟಿಗೆ ರಿಲೇ, ಅಂದ್ರೆ ಸಣ್ಣ ಕರೆಂಟಿಂದ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್ಚು, ಇದೆ. ಅಂದ್ರೆ ನನ್ನ ಕಾರಿಗೆ ಏನೇನು ಬೇಕೋ ಅದನ್ನೆಲ್ಲ ಇಂಜಿನಿಯರುಗಳು ಆಗ್ಲೇ ಲೆಕ್ಕ ಹಾಕಿ, ಓಡಿಸಿ ನೋಡಿ, ಇದೇ ಕಾರಿನ ಬಾಡಿ ಮೇಲೆ ಕೂರಿಸಿಬಿಟ್ಟಿದ್ದಾರೆ, ನಾನು ಬಿಚ್ಚಿ ತಂದು ಹಾಕ್ಕೊಂಡ್ರೆ ಆಯ್ತು. ಕಾಸು ಕಮ್ಮಿ ಇರೋರಿಗೆ ಇದಕ್ಕಿಂತ ಒಳ್ಳೆ ಮಾಡಿಫಿಕೇಶನ್ ಕಿಟ್ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ, ಆದ್ರೆ ಅದನ್ನ ಎಲ್ಲೂ ಮಾರಾಟಕ್ಕೂ ಇಟ್ಟಿರಲ್ಲ, ಗುಜರಿಲೇ ಹುಡುಕಬೇಕು.

ಇದು ನಾನು ಕಂಡುಹಿಡಿದಿದ್ದೇನಲ್ಲ. 1959ರಲ್ಲಿ ಅಲೆಕ್ ಇಸ್ಸಿಗೋನಿಸ್ ಅನ್ನೋ ಇಂಜಿನಿಯರ್ರು ಮಾಡಿದ ಮಿನಿ ಅನ್ನೋ ಬ್ರಿಟಿಷ್ ಕಾರು ಬಂದಾಗ ಅದ್ರಲ್ಲಿ ಇದ್ದಿದ್ದು 848 ಸಿಸಿ ಇಂಜಿನ್ನು, 34 ಕುದುರೆ ಶಕ್ತಿ, ನಾಲ್ಕೂ ಕಡೆ ಡ್ರಮ್ ಬ್ರೇಕು, 10 ಇಂಚಿನ ಪುಟಾಣಿ ಚಕ್ರ. ಆಮೇಲೆ ಫಾರ್ಮುಲಾ ಒನ್ ಕಾರು ಕಟ್ತಿದ್ದ ಜಾನ್ ಕೂಪರ್ ಕೈಯಾಡಿಸಿ 1961ರಲ್ಲಿ ಮಿನಿ ಕೂಪರ್ ಬಂತು, 997 ಸಿಸಿ, 55 ಕುದುರೆ ಶಕ್ತಿ. ಎಲ್ರಿಗೂ ನೆನಪಿರೋದು ಆ 55 ಮಾತ್ರ. ಅದೇ ಕಾರಲ್ಲಿ ಮುಂದಿನ ಡ್ರಮ್ ತೆಗೆದು, ಚಕ್ರದ ಜೊತೆ ಸುತ್ತೋ ತಟ್ಟೆನ ಹಿಡಿದು ನಿಲ್ಲಿಸೋ 7 ಇಂಚಿನ ಡಿಸ್ಕ್ ಬ್ರೇಕ್ ಹಾಕಿದ್ರು, ಅದನ್ನ ಯಾರೂ ಹೇಳಲ್ಲ. ಹಳೇ ಕಾರಿಗೆ ಸೈಲೆನ್ಸರ್ ಬದಲಾಯಿಸಿ ಸೌಂಡ್ ಜಾಸ್ತಿ ಮಾಡ್ಕೊಂಡು ಬ್ರೇಕು ಮಾತ್ರ ಹಾಗೇ ಬಿಟ್ಟಿರೋರನ್ನ ನೋಡಿದ್ರೆ ನಂಗೆ ಈಗ್ಲೂ ಮೈ ಉರಿಯುತ್ತೆ, ಇರ್ಲಿ.

ಅಂಥ ಟಾಪ್ ಎಂಡ್ ಕಾರೊಂದು ಬಂದಿದೆ ಅಂತ ಗುಜರಿಯಿಂದ ಫೋನ್ ಬಂದಿದ್ದು ಬೆಳಿಗ್ಗೆ. ಭಾವನಿಗೆ ಹೇಳ್ದೆ, ಅಕ್ಕನ ಗಂಡ, ಅವ್ರಿಗೆ ನನಗಿಂತ ಜಾಸ್ತಿ ಹುಚ್ಚು. ಟೂಲ್ ಬಾಕ್ಸು, ಒಂದು ಉದ್ದನೆ ಕಬ್ಬಿಣದ ಪೈಪು, ಮಲ್ಟಿಮೀಟರ್ರು, ದಪ್ಪ ಅಳೆಯೋ ವರ್ನಿಯರ್ರು, ಬಟ್ಟೆ ಸುತ್ತಿದ ಅಯಸ್ಕಾಂತ ಎಲ್ಲ ತಗೊಂಡು ಹೊರಟ್ವಿ. ನನ್ನ ಚೀಟಿಲಿ ಇದ್ದಿದ್ದು ಬ್ರೇಕು, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ರು, ಚಕ್ರ, ರಿಲೇ ವೈರಿಂಗು, ಡ್ರೈವರ್ ಕಡೆ ಬಾಗಿಲು, ಸೀಟು, ಆ ಇಲ್ಲದ ಕನ್ನಡಿ. ಭಾವನ ಚೀಟಿಲಿ ಇದ್ದಿದ್ದು ಹಿಂದೆ ರೆಕ್ಕೆ ಥರ ಕೂರೋ ಸ್ಪಾಯ್ಲರ್ರು, ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತೆ ಅಂತ ತೋರಿಸೋ ಆರ್‌ಪಿಎಂ ಮೀಟರ್ರು. ಅವ್ರದ್ದು ಅಂತ ಕಾರೇ ಇಲ್ಲ ಅನ್ನೋದು ಬೇರೆ ಮಾತು.

ಕಾರಿಗೆ ಹಿಂದಿನಿಂದ ಯಾವ್ದೋ ದೊಡ್ಡ ಗಾಡಿ ಗುದ್ದಿತ್ತು. ಸಾಮಾನಿಡೋ ಡಿಕ್ಕಿ ಅನ್ನೋದು ಹಿಂದಿನ ಸೀಟಿನವರೆಗೂ ಬಂದಿತ್ತು, ಮುಂದೆ ಮಾತ್ರ ಹೆಡ್‌ಲೈಟ್ ಗಾಜು ಕೂಡ ಒಡೆದಿಲ್ಲ. ನಂಗೆ ಬೇಕಾಗಿದ್ದು ಇಂಥದ್ದೇ. ಮುಂದೆ ಗುದ್ದಿಸ್ಕೊಂಡಿರೋ ಕಾರಿಂದ ಬ್ರೇಕು, ಮುಂದಿನ ಚಕ್ರದ ಹಬ್ ಕೂರೋ ನಕಲ್, ಅದನ್ನ ಕಾರಿಗೆ ಸೇರಿಸೋ ಕಂಟ್ರೋಲ್ ಆರ್ಮ್ ಯಾವ್ದನ್ನೂ ತರಬಾರದು, ಕೂದಲೆಳೆಯಷ್ಟು ಬಗ್ಗಿದ್ರೂ ಕಣ್ಣಿಗೆ ಕಾಣಲ್ಲ, ಆಮೇಲೆ ಅಲೈನ್‌ಮೆಂಟ್ ಮಾಡಿಸಿ ಮಾಡಿಸಿ ಸುಸ್ತಾಗುತ್ತೆ, ಟೈರು ಒಂದೇ ಕಡೆ ಸವೀತಾ ಹೋಗುತ್ತೆ.

ಗುಜರಿ ಯಜಮಾನ್ರು ಕುರ್ಚಿ ಹಾಕ್ಕೊಂಡು ಪಕ್ಕದಲ್ಲೇ ಕೂತ್ರು. ನಾವು ಚಕ್ರದ ಹತ್ರ ಕೂತಿದ್ದು ನೋಡಿ, "ಅಲ್ಲಾಡೋದನ್ನೆಲ್ಲ ಹೊಸದು ತಗೊಳ್ಳಿ ಸಾರ್, ಅಲ್ಲಾಡದೆ ಇರೋದನ್ನ ನಮ್ಮಲ್ಲಿ ತಗೊಳ್ಳಿ" ಅಂದ್ರು. ಮಾರೋರೇ ಹಿಂಗಂದ್ರೆ ನಂಬದೆ ಇರೋಕಾಗುತ್ತಾ, ಆದ್ರೂ ಕ್ಯಾಲಿಪರ್ ವಿಷಯದಲ್ಲಿ ನಾನು ಒಪ್ಪಲಿಲ್ಲ. ಕ್ಯಾಲಿಪರ್ ಅಂದ್ರೆ ಡಿಸ್ಕನ್ನ ಎರಡೂ ಕಡೆಯಿಂದ ಅದುಮಿ ಹಿಡಿಯೋ, ಎರಕದ ಕಬ್ಬಿಣದ ಒಂದು ಗಟ್ಟಿ ಮುದ್ದೆ, ಅದ್ರಲ್ಲಿ ಹಾಳಾಗೋದು ಒಳಗಿರೋ ರಬ್ಬರ್ ಸೀಲು, ಮಣ್ಣು ತಡೆಯೋ ಬೂಟು, ಪಿಸ್ಟನ್ ಮೇಲ್ಮೈ, ಜಾರೋ ಪಿನ್ನು ಇಷ್ಟೇ, ಇದಕ್ಕೆಲ್ಲ ರಿಪೇರಿ ಕಿಟ್ ಸಿಗುತ್ತೆ. "ಕಿಟ್ ಹಾಕ್ತೀನಿ ಯಜಮಾನ್ರೇ" ಅಂದೆ. "ಹಾಕಿ, ಆದ್ರೆ ಆ ಪೈಪ್ ಮಾತ್ರ ತಗೊಂಡೋಗ್ಬೇಡಿ" ಅಂದ್ರು. ಅದು ಸರಿಯಾದ ಮಾತು, ಬ್ರೇಕಿನ ರಬ್ಬರ್ ಹೋಸ್ ಹೊರಗಿಂದ ಹೊಸದರ ಥರಾನೇ ಕಂಡ್ರೂ ಒಳಗೆ ಊದಿಕೊಂಡು ಆಯಿಲ್ ವಾಪಸ್ ಬಿಡದೇ ಇರಬಹುದು, ಆಗ ಕಾಲು ತೆಗೆದ್ರೂ ಬ್ರೇಕು ಹಿಡ್ಕೊಂಡೇ ಇರುತ್ತೆ. ಭಾವ ಅಷ್ಟರಲ್ಲಿ ಸೀಟ್ ಬೆಲ್ಟ್ ಬಿಚ್ಚೋಕೆ ಶುರು ಮಾಡಿದ್ರು, ನಮ್ಮದಕ್ಕಿಂತ ಬಣ್ಣ ಚೆನ್ನಾಗಿದೆ ಅಂತ. ಬೇಡ ಬಿಡಿ ಭಾವ ಅಂದೆ. ಅಪಘಾತದಲ್ಲಿ ಒಂದ್ಸಲ ಭಾರ ತಡೆದ ಬೆಲ್ಟಿನ ನೂಲು ಎಳೆದಿರಬಹುದು, ಎರಡನೇ ಸಲಕ್ಕೆ ಅದನ್ನ ನಂಬೋ ಹಾಗಿಲ್ಲ.

ಬಿಚ್ಚೋದೇ ದೊಡ್ಡ ಯುದ್ಧ. ಇಂಜಿನ್ ಕಡೆಯಿಂದ ಬಂದು ಚಕ್ರ ತಿರುಗಿಸೋ ಡ್ರೈವ್ ಶಾಫ್ಟಿನ ತುದಿಲಿ ಇರೋ ಹಬ್ ನಟ್ಟು ಇದೆಯಲ್ಲ, ಅದನ್ನ ಗಾಡಿ ನೆಲದ ಮೇಲಿದ್ದಾಗ್ಲೇ ಯಾರಾದ್ರೂ ಬ್ರೇಕ್ ಹಿಡ್ಕೊಂಡು ಸಡಿಲ ಮಾಡ್ಬೇಕು, ಆದ್ರೆ ಗುಜರಿಲಿ ಚಕ್ರಾನೂ ನೆಲ ಮುಟ್ಟಿಲ್ಲ, ಬ್ರೇಕಲ್ಲಿ ಆಯಿಲ್ಲೂ ಇಲ್ಲ. ಹಬ್ ಜೊತೆಗೇ ಸುತ್ತುತ್ತೆ. ಚಕ್ರ ಕೂರಿಸೋ ಎರಡು ಬೋಲ್ಟಿನ ಮಧ್ಯೆ ರಾಡ್ ತೂರಿಸಿ ಅದರ ಇನ್ನೊಂದು ತುದಿನ ನೆಲಕ್ಕೆ ಊರಿ, ಪಾನಾಗೆ ಪೈಪ್ ಹಾಕಿ ಭಾವ ಅದರ ಮೇಲೆ ನಿಂತ್ರು, ನಿಂತು ಕುಣಿದ್ರು ಅಂದ್ರೂ ಆಗುತ್ತೆ, ಟಕ್ ಅಂತ ಬಿಡ್ತು. ತುಕ್ಕು ಹಿಡಿದ ಉಳಿದ ಬೋಲ್ಟುಗಳಿಗೆ ತುಕ್ಕು ಬಿಡಿಸೋ ಎಣ್ಣೆ ಹೊಡೆದು ಸುಮ್ನೆ ಬಿಟ್ಟು ಬೇರೆ ಕೆಲಸ ನೋಡ್ಬೇಕು, ವಾಪಸ್ ಬಂದು ಮೊದ್ಲು ಸ್ವಲ್ಪ ಟೈಟ್ ಮಾಡಿ ಆಮೇಲೆ ಲೂಸ್ ಮಾಡಿದ್ರೆ ಮುರಿಯೋದು ಕಮ್ಮಿ.

ಇನ್ನೊಂದು ಮುಖ್ಯ ವಿಷಯ, ಶಾಫ್ಟಿನ ಹಲ್ಲು ಎಣಿಸೋದು. ನಕಲ್ ತಂದು ಹಾಕುವಾಗ ಅದರ ಹಬ್ಬಿನ ಒಳಗಿನ ಹಲ್ಲುಗಳು ನಮ್ಮ ಡ್ರೈವ್ ಶಾಫ್ಟಿನ ಹಲ್ಲಿಗೆ ಸರಿಯಾಗಿ ಕೂತ್ಕೋಬೇಕು, ಕಂಟ್ರೋಲ್ ಆರ್ಮಿನ ತುದಿಲಿರೋ ಗುಂಡನೆ ಕೀಲು, ಅಂದ್ರೆ ಬಾಲ್ ಜಾಯಿಂಟ್, ಕೂರೋ ತೂತಿನ ಅಳತೆನೂ ಒಂದೇ ಇರ್ಬೇಕು. ಒಂದೇ ಕಂಪನಿ ಒಂದೇ ಹೆಸರಿನ ಕಾರಾದ್ರೂ ವರ್ಷ ಬದಲಾದಂಗೆ ಇದೂ ಬದಲಾಗಿರುತ್ತೆ. ಹಿಂದೆ ಶಾಫ್ಟಿನ ಬೂಟ್ ಬದಲಾಯಿಸಿದ್ದಾಗ ನನ್ನ ಕಾರಿಂದು ಎಣಿಸಿ ಬರೆದಿಟ್ಟಿದ್ದೆ, ಅಲ್ಲೇ ಕೂತು ಇದನ್ನೂ ಎಣಿಸ್ದೆ, ಸರಿ ಹೋಯ್ತು. ಡಿಸ್ಕು ಮಾತ್ರ ಬಿಟ್ಟು ಬಂದೆ. ಡಿಸ್ಕಿನ ಮೇಲೇನೇ ಕನಿಷ್ಠ ಎಷ್ಟು ದಪ್ಪ ಇರ್ಬೇಕು ಅಂತ ಒತ್ತಿರ್ತಾರೆ, ವರ್ನಿಯರ್ ಇಟ್ಟು ನೋಡಿದ್ರೆ ಅದಕ್ಕಿಂತ ಸವೆದಿತ್ತು, ಅದನ್ನ ಹೊಸದೇ ತಗೋಬೇಕು. ಮಾಸ್ಟರ್ ಸಿಲಿಂಡರ್ ಯಾಕೆ ಅಂತ ಭಾವ ಕೇಳಿದ್ರು. ದೊಡ್ಡ ಕ್ಯಾಲಿಪರಿನ ಪಿಸ್ಟನ್ ದೊಡ್ಡದು, ಅದನ್ನ ಅಷ್ಟೇ ದೂರ ತಳ್ಳೋಕೆ ಜಾಸ್ತಿ ಆಯಿಲ್ ಬೇಕು, ಹಳೇ ಚಿಕ್ಕ ಮಾಸ್ಟರ್ ಸಿಲಿಂಡರ್ರೇ ಇದ್ರೆ ಪೆಡಲ್ ಪಾತಾಳಕ್ಕೆ ಹೋಗುತ್ತೆ. ಅದಕ್ಕೇ ಜೋಡಿಯಾಗೇ ತರೋದು, ಅದಕ್ಕೂ ಹೊಸ ಸೀಲ್ ಕಿಟ್ ಹಾಕೋದು.

ಬಾಗಿಲಿಗೆ ಅಯಸ್ಕಾಂತ ಇಟ್ಟು ನೋಡ್ದೆ, ಕೆಳಗಡೆ ತನಕ ಕಚ್ಚಿಕೊಳ್ತು, ಅಂದ್ರೆ ಪುಟ್ಟಿ ತುಂಬಿಲ್ಲ. ನಮ್ಮ ಕಾರಿನ ಬಾಗಿಲಿನ ಬುಡ ತುಕ್ಕು ತಿಂದು ಜಾಲರಿ ಆಗಿತ್ತು, ಕಾರಣ ಬಾಗಿಲ ಕೆಳ ಅಂಚಲ್ಲಿ ನೀರು ಹೋಗೋಕೆ ಬಿಟ್ಟಿರೋ ಸಣ್ಣ ತೂತುಗಳು ಮಣ್ಣು ಕಟ್ಟಿ ಮುಚ್ಚಿ ಹೋಗಿದ್ವು. ಬಣ್ಣ ಬೇರೆ, ಪರವಾಗಿಲ್ಲ, ಪೇಂಟ್ ಮಾಡಿಸೋದು ಹೇಗೂ ಇದೆ. ಸೀಟು ಎರಡೇ ನಿಮಿಷದ ಮಾತು, ನಾಲ್ಕು ಬೋಲ್ಟು.

ಚಕ್ರದ ಹತ್ರ ಬಂದಾಗ ಭಾವನಿಗೆ ಪಕ್ಕದಲ್ಲಿ ಬಿದ್ದಿದ್ದ 14 ಇಂಚಿನ ಅಲಾಯ್ ಮೇಲೆ ಕಣ್ಣು. ಫೋನ್ ತೆಗೆದು ಲೆಕ್ಕ ತೋರಿಸ್ದೆ. ನಮ್ಮ ಹಳೇ ಟೈರು 145/80 ಆರ್ 12 (ಅಗಲ ಮಿಲಿಮೀಟರಲ್ಲಿ, ಪಕ್ಕದ ಎತ್ತರ ಅಗಲದ ಶೇಕಡಾ ಎಷ್ಟು, ರಿಮ್ ಇಂಚಲ್ಲಿ), ಅದರ ಒಟ್ಟು ವ್ಯಾಸ ಸುಮಾರು 537 ಮಿಲಿಮೀಟರು. 155/65 ಆರ್ 13 ಹಾಕಿದ್ರೆ 532, ಶೇಕಡಾ ಒಂದರಷ್ಟೂ ವ್ಯತ್ಯಾಸ ಇಲ್ಲ, ಸ್ಪೀಡೋಮೀಟರ್ರು ಸುಳ್ಳು ಹೇಳಲ್ಲ, ಗೇರ್ ಎಳೆಯೋದೂ ಹಾಗೇ ಇರುತ್ತೆ. ಅದೇ 165/60 ಆರ್ 14 ಅಂದ್ರೆ 554 ಆಗುತ್ತೆ, ಮೂರು ಪರ್ಸೆಂಟ್ ದೊಡ್ಡದು, ಮೀಟರ್ ಕಮ್ಮಿ ತೋರಿಸುತ್ತೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರೆ ಎಲ್ಲಾದ್ರೂ ಉಜ್ಜೋ ಚಾನ್ಸೂ ಇದೆ, ಮೊದಲೇ ಪಾಪದ ಇಂಜಿನ್ನು. "ನೋಡೋಕೆ ಚೆನ್ನಾಗಿರುತ್ತಲ್ಲೋ" ಅಂದ್ರು ಭಾವ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ, ನಿಜವಾಗ್ಲೂ ಚೆನ್ನಾಗಿತ್ತು. ಕಬ್ಬಿಣದ 13 ಇಂಚಿನ ರಿಮ್ಮೇ ತಗೊಂಡೆ, ಸ್ಟೆಪ್ನಿಗೂ ಸೇರಿಸಿ ಐದು. ನೆಲದ ಮೇಲೆ ಉರುಳಿಸಿ ಓಲಾಡುತ್ತಾ ಅಂತ ನೋಡ್ಕೊಂಡೆ. ಮೇಲಿದ್ದ ಟೈರಿನ ಗುಂಡಿ, ಅಂದ್ರೆ ನೆಲ ಹಿಡಿಯೋ ಉಬ್ಬುಗಳು, ಎಲ್ಲ ಚೆನ್ನಾಗೇ ಇತ್ತು, ಆದ್ರೆ ಪಕ್ಕದಲ್ಲಿ ಡಾಟ್ ನಂಬರಿನ ಕೊನೇ ನಾಲ್ಕು ಅಂಕಿ ನೋಡಿದ್ರೆ 2311, ಅಂದ್ರೆ 2011ರ 23ನೇ ವಾರದಲ್ಲಿ ತಯಾರಾಗಿದ್ದು. ಗುಂಡಿ ಇದ್ರೇನು, ರಬ್ಬರ್ ಒಣಗಿ ಕಲ್ಲಾಗಿರುತ್ತೆ, ಮಳೇಲಿ ಹಿಡಿತ ಇರಲ್ಲ. ಟೈರು ಅಲ್ಲೇ ಕಳಚಿಸಿ ಬಿಟ್ಟೆ.

ಅವತ್ತು ತಂದಿದ್ದರಲ್ಲಿ ಅತೀ ಕಮ್ಮಿ ಖರ್ಚಿಗೆ ಅತೀ ಜಾಸ್ತಿ ಪ್ರಯೋಜನ ಆಗಿದ್ದು ಮಾತ್ರ ಆ ರಿಲೇ ವೈರಿಂಗಿಂದ. ನಮ್ಮ ಬೇಸ್ ಮಾಡೆಲ್ಲಿನಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಬ್ಯಾಟರಿಯಿಂದ ಹೊರಟು ಡ್ಯಾಶ್‌ಬೋರ್ಡ್ ಒಳಗೆ ಬಂದು ಸ್ಟೇರಿಂಗ್ ಪಕ್ಕದ ಸ್ವಿಚ್ಚಲ್ಲಿ ಹಾದು ವಾಪಸ್ ಮುಂದಕ್ಕೆ ಹೋಗುತ್ತೆ. ಲೋ ಬೀಮಲ್ಲಿ 55 ವ್ಯಾಟಿನ ಎರಡು ಬಲ್ಬು, 12 ವೋಲ್ಟಿಗೆ ಹತ್ರ ಹತ್ರ 9 ಆಂಪಿಯರು, ಸಣ್ಣ ವೈರು, ಸುಟ್ಟು ಕಪ್ಪಾದ ಸ್ವಿಚ್ಚು, ದಾರಿಯುದ್ದಕ್ಕೂ ವೋಲ್ಟೇಜ್ ಸೋರುತ್ತಾ ಹೋಗುತ್ತೆ. ಇಂಜಿನ್ ಆನ್ ಮಾಡಿ ಬ್ಯಾಟರಿ ಮೇಲೆ ಅಳೆದ್ರೆ 13.8, ಬಲ್ಬಿನ ಹಿಂದೆ ಅಳೆದ್ರೆ 12.4. ಹತ್ತು ಪರ್ಸೆಂಟ್ ತಾನೇ ಅನ್ಸುತ್ತೆ, ಆದ್ರೆ ಹ್ಯಾಲೊಜೆನ್ ಬಲ್ಬಿನಲ್ಲಿ ವೋಲ್ಟೇಜು ಹತ್ತು ಪರ್ಸೆಂಟ್ ಬಿದ್ರೆ ಬೆಳಕು ಸುಮಾರು 30 ಪರ್ಸೆಂಟ್ ಬೀಳುತ್ತೆ. ಹಳೇ ಕಾರಿನ ಲೈಟು ಮಂಕು ಅಂತ ಎಲ್ರೂ ಬೈಕೊಳ್ತಾ 100 ವ್ಯಾಟಿನ ಬಲ್ಬ್ ಹಾಕಿಸ್ತಾರೆ, ಅದ್ರಿಂದ ಕರೆಂಟ್ ಇನ್ನೂ ಜಾಸ್ತಿ ಹರಿದು ಸ್ವಿಚ್ಚೇ ಕರಗಿ ಹೋಗುತ್ತೆ, ಎದುರಿಗೆ ಬರೋರ ಕಣ್ಣು ಬೇರೆ ಕುಕ್ಕುತ್ತೆ. ರಿಲೇ ಇದ್ರೆ ಸ್ವಿಚ್ಚಿನಲ್ಲಿ ಹೋಗೋದು ಚೂರೇ ಚೂರು ಕರೆಂಟು, ರಿಲೇನ ಎಬ್ಬಿಸೋಕೆ ಮಾತ್ರ, ಬಲ್ಬಿನ ಕರೆಂಟು ಬ್ಯಾಟರಿಯಿಂದ ದಪ್ಪ ವೈರಲ್ಲಿ ನೇರವಾಗಿ ಹೋಗುತ್ತೆ. ಕನೆಕ್ಷನ್ನೂ ಕಷ್ಟ ಇಲ್ಲ, ರಿಲೇ ಕಾಲುಗಳ ಮೇಲೆ ನಂಬರ್ ಇರುತ್ತೆ: 30ಕ್ಕೆ ಬ್ಯಾಟರಿ, ಮಧ್ಯೆ ಫ್ಯೂಸು ಬ್ಯಾಟರಿ ಹತ್ರಾನೇ ಇರ್ಬೇಕು, 87ರಿಂದ ಬಲ್ಬಿಗೆ, 85 ಮತ್ತೆ 86ರಲ್ಲಿ ಒಂದು ಹಳೇ ಹೆಡ್‌ಲೈಟ್ ವೈರಿಗೆ ಇನ್ನೊಂದು ಅರ್ತಿಂಗಿಗೆ. ಲೋ ಬೀಮಿಗೊಂದು ಹೈ ಬೀಮಿಗೊಂದು. ಹಳೇ ಬಲ್ಬು, ಹಳೇ ರಿಫ್ಲೆಕ್ಟರ್ರೇ, ಹಾಕಿದ ಮೇಲೆ ಬಲ್ಬಿನ ಹಿಂದೆ 13.5 ತೋರಿಸ್ತು. ಅಕ್ಕ ಓಡಿಸಿ ನೋಡಿ ಹೊಸ ಲೈಟ್ ಹಾಕಿಸಿದ್ರಾ ಅಂತ ಕೇಳಿದ್ಲು.

ಬ್ರೇಕು ಕೂರಿಸಿದ್ದು ನಿಧಾನಕ್ಕೆ, ಒಂದು ಕ್ಯಾಲಿಪರಿನ ಪಿಸ್ಟನ್ ಮೇಲೆ ತುಕ್ಕಿನ ಚುಕ್ಕೆ ಇತ್ತು, ಅದನ್ನ ಹೊಸದು ಹಾಕಿಸ್ಬೇಕಾಯ್ತು. ಆಯಿಲ್ ಪೂರ್ತಿ ತೆಗೆದು ಡಾಟ್ 4 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ತುಂಬಿಸ್ದೆ. ಬ್ರೇಕ್ ಆಯಿಲು ಗಾಳಿಲಿರೋ ನೀರಿನ ಪಸೆ ಎಳೆದುಕೊಳ್ಳುತ್ತೆ, ಹೊಸ ಡಾಟ್ 4 ಕುದಿಯೋದು ಕನಿಷ್ಠ 230 ಡಿಗ್ರಿಲಿ, ನೀರು ಕುಡಿದ ಮೇಲೆ ಅದು 155ರ ತನಕ ಇಳಿಯಬಹುದು, ಇಳಿಜಾರಲ್ಲಿ ಬಿಸಿಯಾಗಿ ಆವಿ ಕಟ್ಟಿದ್ರೆ ಪೆಡಲ್ ಮೆತ್ತಗಾಗಿ ಕಾಲಡಿ ಏನೂ ಇಲ್ಲದಂಗಾಗುತ್ತೆ. ಹಿಂದಿನ ಡ್ರಮ್ಮಿನ ಶೂ ಕೂಡ ಅಡ್ಜಸ್ಟ್ ಮಾಡ್ಕೊಂಡೆ, ಮುಂದಿಂದು ಮಾತ್ರ ನೋಡಿ ಹಿಂದಿಂದು ಮರೆಯೋರೇ ಜಾಸ್ತಿ. ಆಮೇಲೆ ಖಾಲಿ ರಸ್ತೇಲಿ ಸ್ಪೀಡು ಎತ್ತಿ ಇಳಿಸಿ, ಎತ್ತಿ ಇಳಿಸಿ ಪ್ಯಾಡು ಡಿಸ್ಕು ಒಂದಕ್ಕೊಂದು ಹೊಂದೋ ತನಕ ಓಡಿಸಿದ್ದಾಯ್ತು. ಈಗ ಪೆಡಲ್ ಮೇಲೆ ಅರ್ಧ ಕಾಲು ಇಟ್ರೂ ಕಾರು ಮಾತು ಕೇಳುತ್ತೆ.

ಸ್ಪಾಯ್ಲರ್ ಅನ್ನ ಭಾವ ಬಿಟ್ಟು ಕೊಟ್ರು, ಡಿಕ್ಕಿ ಜೊತೆಗೇ ಅದೂ ಎರಡು ತುಂಡಾಗಿತ್ತು. ಆರ್‌ಪಿಎಂ ಮೀಟರ್ ಮಾತ್ರ ಬಿಡಲೇ ಇಲ್ಲ. ಇದರಲ್ಲಿ ಇರಲಿಲ್ಲ ಅಂತ ಪಕ್ಕದಲ್ಲಿದ್ದ ನಾಲ್ಕು ಸಿಲಿಂಡರಿನ ಕಾರಿಂದ ಕಿತ್ಕೊಂಡು ಬಂದ್ರು. ಆ ಮೀಟರ್ ಕಾಯಿಲಿಂದ ಬರೋ ಕಿಡಿಯ ಪಲ್ಸ್ ಎಣಿಸುತ್ತೆ, ನಾಲ್ಕು ಸಿಲಿಂಡರಲ್ಲಿ ಇಂಜಿನ್ ಎರಡು ಸುತ್ತು ಸುತ್ತೋದ್ರಲ್ಲಿ ನಾಲ್ಕು ಪಲ್ಸು, ನಮ್ಮದ್ರಲ್ಲಿ ಮೂರೇ, ಹಂಗಾಗಿ ಮುಕ್ಕಾಲು ಪಾಲು ಮಾತ್ರ ತೋರಿಸುತ್ತೆ ಅಂತ ಅಲ್ಲೇ ಹೇಳಿದ್ದೆ. ಕೇಳ್ಬೇಕಲ್ಲ. ಡ್ಯಾಶ್‌ಬೋರ್ಡ್ ಮೇಲೆ ಕೂರಿಸಿ ಕನೆಕ್ಷನ್ ಕೊಟ್ಟಿದ್ದಾರೆ, ಇಂಜಿನ್ನು 4000ದಲ್ಲಿ ಕಿರುಚ್ತಾ ಇದ್ರೆ ಮುಳ್ಳು ಆರಾಮಾಗಿ 3000ದಲ್ಲಿ ನಿಂತಿರುತ್ತೆ. ಪಕ್ಕದಲ್ಲಿ ಕೂತೋರು ಯಾರಾದ್ರೂ ಕೇಳಿದ್ರೆ ಭಾವ ಹಿಂದಿನ ಸೀಟಿಂದಾನೇ ಹೇಳ್ತಾರೆ, "ತೋರಿಸೋದಕ್ಕೆ ಅದರ ಮೂರನೇ ಒಂದು ಭಾಗ ಕೂಡಿಸ್ಕೊಳ್ಳಿ, ಸರಿಯಾಗುತ್ತೆ."