ಮೇರಿ ರೋಸ್‌ನಲ್ಲಿ ಕಂಡ ಸೀರಣಿಗೆ

ಲಂಡನ್ನಿನ ವಾಟರ್‌ಲೂನಲ್ಲಿ ರೈಲು ಹತ್ತಿದರೆ ಎರಡು ಗಂಟೆಯೊಳಗೆ ಪೋರ್ಟ್ಸ್‌ಮತ್ ಹಾರ್ಬರ್. ಹಳೇ ನೌಕಾನೆಲೆ ಪಕ್ಕದಲ್ಲೇ. ಮಗಳಿಗೆ ಹಡಗು ಅಂದರೆ ಜೀವ, ಅದಕ್ಕೇ ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಯುದ್ಧನೌಕೆ ಮೇರಿ ರೋಸ್ ನೋಡಲು ಹೊರಟೆವು.

1545ರ ಜುಲೈ 19. ಎದುರಿಗೆ ಫ್ರೆಂಚ್ ಹಡಗುಗಳು, ದಡದಲ್ಲಿ ಸ್ವತಃ ರಾಜ. ಹಡಗು ತಿರುಗುವಾಗ ಒಂದು ಮಗ್ಗುಲಿಗೆ ವಾಲಿತು, ಫಿರಂಗಿಗಳಿಗೆಂದು ತೆರೆದಿದ್ದ ಕಿಂಡಿಗಳಿಂದ ನೀರು ನುಗ್ಗಿತು. ಶತ್ರುಗಳು ಹತ್ತಬಾರದು ಅಂತ ಮೇಲೆ ಬಲೆ ಬಿಗಿದಿದ್ದರಂತೆ, ಆ ಬಲೆಯ ಕೆಳಗೆ ಇವರೇ ಸಿಕ್ಕಿಬಿದ್ದರು. ಸುಮಾರು 500 ಜನರಲ್ಲಿ ಬದುಕಿದವರು 35 ಮಂದಿಯೂ ಇಲ್ಲ.

1982ರಲ್ಲಿ ಮೇಲೆತ್ತಿದಾಗ ಸಿಕ್ಕಿದ್ದು ಅರ್ಧ ಹಡಗು. ಕೆಸರಲ್ಲಿ ಹೂತಿದ್ದ ಬಲಮಗ್ಗುಲು ಮಾತ್ರ ಉಳಿದಿತ್ತು. ಈಗ ಅದು ಮಂದ ಬೆಳಕಿನಲ್ಲಿ, ಗಾಜಿನಾಚೆ ನಿಂತಿದೆ. ಆಗಾಗ ಆ ಕಪ್ಪು ಹಲಗೆಗಳ ಮೇಲೆ ಬೆಳಕಿನಲ್ಲಿ ಮೂಡಿದ ನಾವಿಕರು ಓಡಾಡುತ್ತಾರೆ, ಕೆಲಸ ಮಾಡುತ್ತಾರೆ. ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಒಂದು ಕಡೆ ಬಿಲ್ಲಿನ ಹೆದೆ ಎಳೆದು ನೋಡಬಹುದು. ಸುಮ್ನೆ ನೋಡೋಣ ಅಂತ ಕೈ ಹಾಕಿದೆ, ಉಸಿರು ಬಿಗಿಹಿಡಿದು ಎಳೆದರೂ ಅರ್ಧಕ್ಕೇ ತೋಳು ನಡುಗಿತು. ಹಡಗಿನ ಬಿಲ್ಲುಗಾರರು ಎಳೆಯುತ್ತಿದ್ದ ನಿಜವಾದ ಬಿಲ್ಲುಗಳಿಗೆ 45 ಕಿಲೋಗಿಂತಲೂ ಜಾಸ್ತಿ ಬಲ ಬೇಕಿತ್ತು, ಅದೂ ಮತ್ತೆ ಮತ್ತೆ. ಚಿಕ್ಕಂದಿನಿಂದ ಎಳೆದೂ ಎಳೆದೂ ಅವರ ಭುಜದ ಮೂಳೆಯ ಬೆಳವಣಿಗೆಯೇ ಬೇರೆಯಾಗಿತ್ತು ಅನ್ನುತ್ತಾರೆ, ಅಸ್ಥಿಪಂಜರ ನೋಡಿದವರು. ಇಷ್ಟು ಹೊತ್ತು 500 ಅನ್ನುವುದು ನನಗೆ ಒಂದು ಲೆಕ್ಕ ಆಗಿತ್ತು. ಭುಜ ನೋಯತೊಡಗಿದ ಮೇಲೆ ಹಾಗನ್ನಿಸಲಿಲ್ಲ.

ಆಮೇಲೆ ಕಂಡಿದ್ದು ಮರದ ಬಾಚಣಿಗೆಗಳು. ಎರಡೂ ಕಡೆ ಹಲ್ಲು, ಒಂದು ಕಡೆ ತೀರಾ ಒತ್ತೊತ್ತಾಗಿ. ನೋಡಿದ ತಕ್ಷಣ ಗೊತ್ತಾಯಿತು, ಇದು ನಮ್ಮ ಸೀರಣಿಗೆ! ಅಜ್ಜಿ ಭಾನುವಾರ ಜಗಲಿಯಲ್ಲಿ ಕೂರಿಸಿಕೊಂಡು, ತಲೆ ಬಗ್ಗಿಸಿ, ಹೇನು ಬಾಚುತ್ತಿದ್ದದ್ದು ಇಂಥದರಲ್ಲೇ. ಇಲ್ಲಿ ಇಂಥವು 80ಕ್ಕೂ ಹೆಚ್ಚು ಸಿಕ್ಕಿವೆ, ಕೆಲವದರ ಹಲ್ಲುಗಳ ಸಂದಿಯಲ್ಲಿ ಆ ನಾವಿಕರ ತಲೆಯ ಹೇನು ಇನ್ನೂ ಇತ್ತಂತೆ.

ಮಗಳಿಗೆ ಸೀರಣಿಗೆ ಅಂದರೇನು ಅಂತ ಹೇಳಿದೆ. ಅವಳು ಗಾಜಿಗೆ ಮೂಗು ಒತ್ತಿ ಬಹಳ ಹೊತ್ತು ನೋಡಿದಳು, ಆಮೇಲೆ ಕೇಳಿದಳು, "ಅಮ್ಮಾ, ಇದು ಯಾರದು?"