ಗ್ಲಾಸ್‌ನೌ ಇಲ್ಲದ ಪಿಟ್ಸ್‌ಬರ್ಗ್

2018ರ ಜುಲೈ 31ರಂದು, ಅಂದರೆ ನಮ್ಮ ಬೆಂಗಳೂರಿನಲ್ಲಿ ಆಗಸ್ಟ್ ಒಂದರ ನಡುರಾತ್ರಿ ಕಳೆದ ಮೇಲೆ, ನಾನು ಮನಸಾರೆ ಬೆಂಬಲಿಸುವ ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ತಂಡವು ಟ್ಯಾಂಪಾ ಬೇ ರೇಸ್ ತಂಡದಿಂದ ಕ್ರಿಸ್ ಆರ್ಚರ್ ಎಂಬ ಅನುಭವಿ ಪಿಚರ್‌ನನ್ನು, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವ ಆಟಗಾರನನ್ನು, ಪಡೆದು, ಬದಲಿಗೆ ಯುವ ಪಿಚರ್ ಟೈಲರ್ ಗ್ಲಾಸ್‌ನೌ ಹಾಗೂ ಬ್ಯಾಟರ್ ಆಸ್ಟಿನ್ ಮೆಡೋಸ್‌ನನ್ನು ಬಿಟ್ಟುಕೊಟ್ಟಿತು. ಕೆಲವೇ ದಿನಗಳಲ್ಲಿ, ಅದೇ ಒಪ್ಪಂದದ ಬಾಕಿಯಾಗಿ, ಹತ್ತೊಂಬತ್ತು ವರ್ಷದ ಪಿಚರ್ ಶೇನ್ ಬ್ಯಾಜ್ ಕೂಡ ಹೊರಟುಹೋದ. ಆ ಜುಲೈನಲ್ಲಿ ಸತತ 11 ಪಂದ್ಯಗಳನ್ನು ಗೆದ್ದಿದ್ದ ತಂಡಕ್ಕೆ ಪ್ಲೇಆಫ್, ಅಂದರೆ ಲೀಗ್ ಹಂತದ ನಂತರದ ನಾಕೌಟ್ ಸುತ್ತು, ತಲುಪುವ ಆಸೆ ಚಿಗುರಿತ್ತೆಂಬುದು ನಿಜ. ಆದರೆ ಆ ಆಸೆಗೆ ತೆತ್ತ ಬೆಲೆ ಇಂದಿಗೂ ನನ್ನನ್ನು ನೋಯಿಸುತ್ತದೆ.

ಆರ್ಚರ್ 2019ರಲ್ಲಿ ಮೂರು ಗೆಲುವು, ಒಂಬತ್ತು ಸೋಲು ಕಂಡರು. 2020ರಲ್ಲಿ ಶಸ್ತ್ರಚಿಕಿತ್ಸೆಯ ಕಾರಣ ಒಂದು ಪಂದ್ಯವನ್ನೂ ಆಡಲಿಲ್ಲ. ಅದಕ್ಕಾಗಿ ಅವರನ್ನು ದೂರುವುದು ನ್ಯಾಯವಲ್ಲ. ನನ್ನ ಸಂಕಟವಿರುವುದು ಗ್ಲಾಸ್‌ನೌ ವಿಷಯದಲ್ಲಿ. ಆರಡಿ ಎಂಟಂಗುಲ ಎತ್ತರದ, ಅಪಾರ ವೇಗದ ಆ ಯುವಕನನ್ನು ಪಿಟ್ಸ್‌ಬರ್ಗ್ 2018ರಲ್ಲಿ ಪಂದ್ಯದ ಆರಂಭಕ್ಕೆ ಇಳಿಸದೆ, ನಡುವೆ ಬಂದು ಎಸೆಯುವ ಬದಲಿ ಪಿಚರ್ ಆಗಿಯೇ ಉಳಿಸಿಕೊಂಡಿತ್ತು. ಚೆಂಡನ್ನು ಕೆಳಮಟ್ಟದಲ್ಲಿ ಎಸೆದು ಬ್ಯಾಟರ್ ಅದನ್ನು ನೆಲಕ್ಕೆ ಹೊಡೆಯುವಂತೆ ಮಾಡಬೇಕೆಂಬುದು ಆ ದಿನಗಳಲ್ಲಿ ತಂಡದ ಗಟ್ಟಿ ನಂಬಿಕೆಯಾಗಿತ್ತು. ಗ್ಲಾಸ್‌ನೌ ಬಂದ ಕೂಡಲೇ ರೇಸ್ ತಂಡದವರು ಅವರನ್ನು ಆರಂಭಿಕ ಪಿಚರ್ ಮಾಡಿದರು. ಮರುವರ್ಷ ಗಾಯದ ನಡುವೆಯೂ 12 ಪಂದ್ಯಗಳಲ್ಲಿ ಅವರ ಇಆರ್‌ಎ, ಎಂದರೆ ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ, 1.78ಕ್ಕೆ ಇಳಿಯಿತು. 2020ರ ವರ್ಲ್ಡ್ ಸೀರೀಸ್‌ನ, ಅಂದರೆ ಚಾಂಪಿಯನ್ ಪಟ್ಟ ನಿರ್ಧರಿಸುವ ಫೈನಲ್ ಸರಣಿಯ, ಮೊದಲ ಪಂದ್ಯವನ್ನು ಆರಂಭಿಸಿದ್ದೂ ಅವರೇ.

ಅದೇ 2018ರ ಜನವರಿಯಲ್ಲಿ ಪಿಟ್ಸ್‌ಬರ್ಗ್ ಬಿಟ್ಟು ಹ್ಯೂಸ್ಟನ್ ತಂಡಕ್ಕೆ ಹೋದ ಪಿಚರ್ ಗೆರಿಟ್ ಕೋಲ್ ಮರುವರ್ಷ 326 ಸ್ಟ್ರೈಕ್‌ಔಟ್ ಪಡೆದರು, ಅಂದರೆ ಅಷ್ಟು ಸಲ ಬ್ಯಾಟರ್‌ಗಳನ್ನು ಮೂರು ಸ್ಟ್ರೈಕ್‌ಗಳಲ್ಲಿ ಔಟ್ ಮಾಡಿದರು. ಒಂದೇ ವರ್ಷದಲ್ಲಿ ತಂಡ ಬಿಟ್ಟ ಇಬ್ಬರೂ ಹೊರಗೆ ಹೋಗಿ ಅರಳಿದರೆಂದ ಮೇಲೆ, ಕೊರತೆಯಿದ್ದದ್ದು ಹುಡುಗರಲ್ಲಿ ಅಲ್ಲ, ಅವರನ್ನು ಬೆಳೆಸುವ ರೀತಿಯಲ್ಲಿ ಎಂದೇ ನನ್ನ ತೀರ್ಮಾನ. ಚಾಹಲ್ ಅವರನ್ನು ಆರ್‌ಸಿಬಿ ಉಳಿಸಿಕೊಳ್ಳದೆ, 2022ರಲ್ಲಿ ಅವರು ರಾಜಸ್ಥಾನದ ಪರ 27 ವಿಕೆಟ್ ಪಡೆದು ಪರ್ಪಲ್ ಕ್ಯಾಪ್ ಧರಿಸಿದ್ದನ್ನು ಕಂಡ ಬೆಂಗಳೂರಿನವರಿಗೆ ಈ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಚಾಹಲ್ ಇಲ್ಲಿ ಎಂಟು ವರ್ಷ ಆಡಿದರು. ಬ್ಯಾಜ್ ಪಿಟ್ಸ್‌ಬರ್ಗ್ ಪರ ಅಮೆರಿಕದ ಅಗ್ರ ಹಂತವಾದ ಮೇಜರ್ ಲೀಗ್‌ನಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ.

ಈಗ ತಂಡದಲ್ಲಿ ಪಾಲ್ ಸ್ಕೀನ್ಸ್ ಎಂಬ ಪಿಚರ್ ಇದ್ದಾರೆ. ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು 2025ರಲ್ಲಿ ಗೆದ್ದ ಅವರು ನಿಯಮದ ಪ್ರಕಾರ 2029ರವರೆಗೆ ಪೈರೇಟ್ಸ್ ಹಿಡಿತದಲ್ಲಿರುತ್ತಾರೆ. ಅವರನ್ನು ಮಾರಿ ನಾಲ್ಕೈದು ಹುಡುಗರನ್ನು ತರಬೇಕೆಂಬ ವಾದವನ್ನು ನಾನು ಒಪ್ಪಲಾರೆ. ತರುವ ಹುಡುಗರನ್ನು ಬೆಳೆಸಬಲ್ಲೆವೆಂದು ಈ ತಂಡ ಮೊದಲು ತೋರಿಸಿಕೊಡಲಿ.